ಗೋಡೆಗೆ ಬಂದ ಮಾಳಿಗೆ: ಒಬ್ಬಳೇ ಕಂಡ ಮೂರು ನಗರಗಳ ವಸ್ತುಸಂಗ್ರಹಾಲಯಗಳು

ವಿಜಯಪುರದಲ್ಲಿ ಬೆಳೆದವರ ಕಣ್ಣಿನಲ್ಲಿ ಗುಮ್ಮಟದ ಒಂದು ಅಳತೆ ಚಿಕ್ಕಂದಿನಿಂದಲೇ ಕೂತಿರುತ್ತದೆ. ಊರಿಗೆ ದೂರದಿಂದ ಬರುವಾಗ ಮೊದಲು ಕಾಣುವುದು ಗೋಳಗುಮ್ಮಟವೇ ಆದ್ದರಿಂದ, ಬೇರೆ ಎಲ್ಲಿ ಗುಮ್ಮಟ ಕಂಡರೂ ನಾವು ಅದನ್ನು ಮನಸ್ಸಿನಲ್ಲೇ ನಮ್ಮದರ ಪಕ್ಕಕ್ಕಿಟ್ಟು ನೋಡುತ್ತೇವೆ. ಮುಂಬಯಿಯ ಕಾಲಾ ಘೋಡಾದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ಆವರಣದೊಳಗೆ ಕಾಲಿಟ್ಟು ತಲೆಯೆತ್ತಿದಾಗ ನನಗಾದದ್ದೂ ಅದೇ. ಮೇಲೆ ನಿಂತಿದ್ದ ಬಿಳಿಯ ಗುಮ್ಮಟ ಹೊಸದೆನಿಸಲಿಲ್ಲ. ಅದರ ಬುಡದಲ್ಲಿ ತಾವರೆಯ ಎಸಳುಗಳಿದ್ದವು. ನಮ್ಮ ಗುಮ್ಮಟವೂ ಎಸಳುಗಳ ನಡುವಿನಿಂದಲೇ ಮೇಲೇಳುತ್ತದೆ. ಆ ಕಟ್ಟಡದ ಶಿಲ್ಪಿ ಜಾರ್ಜ್ ವಿಟೆಟ್ ತನ್ನ ಗುಮ್ಮಟಕ್ಕೆ ಗೋಳಗುಮ್ಮಟವನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದ. 1905ರಲ್ಲಿ ಅಡಿಗಲ್ಲು ಬಿದ್ದು, ಮಹಾಯುದ್ಧದ ವರ್ಷಗಳಲ್ಲಿ ಆಸ್ಪತ್ರೆಯಾಗಿ ಬಳಕೆಯಾಗಿ, 1922ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದ ಆ ಕಟ್ಟಡದ ನೆತ್ತಿಯ ಮೇಲೆ ನಮ್ಮ ಊರಿನ ನೆನಪೊಂದು ಕೂತಿದೆ. ಮನೆ ಬಿಟ್ಟು ಒಂದು ರಾತ್ರಿ ಪ್ರಯಾಣ ಮಾಡಿ, ಒಬ್ಬಳೇ ಆ ಮಹಾನಗರದಲ್ಲಿ ಇಳಿದಿದ್ದ ನನಗೆ ಅದು ದೊಡ್ಡ ಧೈರ್ಯ ಕೊಟ್ಟಿತು.

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವಳು. ವೃತ್ತಿಯಲ್ಲಿದ್ದಷ್ಟು ಕಾಲ ಮಕ್ಕಳನ್ನು ಐಹೊಳೆ, ಪಟ್ಟದಕಲ್ಲು, ಬಾದಾಮಿಗೆ ವರ್ಷ ವರ್ಷವೂ ಕರೆದುಕೊಂಡು ಹೋಗಿದ್ದೇನೆ. ಅಂಥ ಪ್ರವಾಸಗಳಲ್ಲಿ ಕಣ್ಣು ಮಕ್ಕಳ ತಲೆ ಎಣಿಸುವುದರಲ್ಲಿರುತ್ತದೆಯೇ ಹೊರತು ಕಲ್ಲಿನ ಮೇಲೆ ನಿಲ್ಲುವುದಿಲ್ಲ. ನಿವೃತ್ತಿಯಾದ ಮೇಲೆ ಮನೆಯವರ ಮುಂದೆ ಒಂದೇ ಒಂದು ಕೋರಿಕೆ ಇಟ್ಟೆ: ಮುಂಬಯಿ, ಕೋಲ್ಕತ್ತ, ಚೆನ್ನೈ ಈ ಮೂರು ನಗರಗಳ ವಸ್ತುಸಂಗ್ರಹಾಲಯಗಳನ್ನು ನಾನು ಒಬ್ಬಳೇ ಹೋಗಿ, ನನಗೆ ಸಾಕೆನಿಸುವಷ್ಟು ಹೊತ್ತು ನೋಡಿ ಬರಬೇಕು. ಒಬ್ಬಳೇ ಏಕೆ ಎಂದು ಎಲ್ಲರೂ ಕೇಳಿದರು. ಇವತ್ತು ನಿಮ್ಮ ಮುಂದೆ ಆಡುವ ಮಾತೆಲ್ಲ ಒಂದು ರೀತಿಯಲ್ಲಿ ಆ ಪ್ರಶ್ನೆಗೆ ಉತ್ತರವೇ.

ನನ್ನನ್ನು ಮುಂಬಯಿಗೆ ಎಳೆದದ್ದು ಐಹೊಳೆ. ಐಹೊಳೆಯ ಗುಡಿಯ ಒಳಮಾಳಿಗೆಯಲ್ಲಿ, ಅಂದರೆ ಒಳಗಿನಿಂದ ತಲೆಯೆತ್ತಿದರೆ ಕಾಣುವ ಛಾವಣಿಯಲ್ಲಿ, ಇದ್ದ ದೊಡ್ಡ ಚಪ್ಪಡಿಗಳು ಈಗ ಆ ಸಂಗ್ರಹಾಲಯದಲ್ಲಿವೆ. ಬ್ರಹ್ಮ, ವಿಷ್ಣು, ಶಿವ ಇವರಿಗೆ ಒಂದೊಂದು ಚಪ್ಪಡಿ. ಬಾದಾಮಿ ಚಾಲುಕ್ಯರ ಕಾಲದ ಕೆಲಸ. ಹೋದ ಮೊದಲ ದಿನ ನಾನು ಬೇರೆ ಯಾವುದರ ಮುಂದೆಯೂ ನಿಲ್ಲದೆ ನೇರವಾಗಿ ಶಿಲ್ಪಗಳ ಕೋಣೆಗೆ ಹೋಗಿ ಬ್ರಹ್ಮನ ಎದುರು ನಿಂತೆ. ಕಮಲದ ಮೇಲೆ ಕೂತ ಬ್ರಹ್ಮ, ಸುತ್ತ ಋಷಿಗಳು, ಹಂಸ. ನೋಡುತ್ತ ನೋಡುತ್ತ ಏನೋ ಸರಿಯಿಲ್ಲವೆನಿಸಿತು. ಕೆತ್ತನೆಯಲ್ಲಿ ಕೊರತೆಯಿರಲಿಲ್ಲ, ಕಲ್ಲೂ ಚೆನ್ನಾಗಿಯೇ ಉಳಿದುಕೊಂಡಿತ್ತು. ಹೀಗಿದ್ದರೂ ಆ ಮೂರ್ತಿಗೂ ನನಗೂ ನಡುವೆ ಯಾವುದೋ ಒಂದು ತೊಡಕು ಇತ್ತು. ಕಾಲು ಗಂಟೆ ಕಳೆದ ಮೇಲೆ ಅದೇನೆಂದು ಹೊಳೆಯಿತು. ನಾನು ಬ್ರಹ್ಮನ ಮುಖವನ್ನು ಮುಖಾಮುಖಿಯಾಗಿ ನೋಡುತ್ತಿದ್ದೆ. ಮಾಳಿಗೆಯ ಶಿಲ್ಪವನ್ನು ಹಾಗೆ ನೋಡುವಂತೆ ಯಾರೂ ಕೆತ್ತಿರಲಿಲ್ಲ. ಕೆಳಗೆ ನಿಂತು, ಕತ್ತನ್ನು ಹಿಂದಕ್ಕೆ ಬಾಗಿಸಿ, ನೆತ್ತಿಯ ಮೇಲೆ ತೇಲುವ ದೇವರನ್ನು ನೋಡಬೇಕಿದ್ದ ಜಾಗದಲ್ಲಿ, ಗೋಡೆಗೆ ನಿಲ್ಲಿಸಿದ ದೇವರನ್ನು ನಾನು ಎದುರಿನಿಂದ ನೋಡುತ್ತಿದ್ದೆ. ಮಾಳಿಗೆ ಗೋಡೆಯಾಗಿತ್ತು.

ಚಿತ್ರ ಬರೆಯುವ ಕೈಗೆ ಇನ್ನೊಂದು ವ್ಯತ್ಯಾಸವೂ ತಿಳಿಯುತ್ತದೆ, ಅದು ಬೆಳಕಿನದು. ಗುಡಿಯೊಳಗೆ ಮಾಳಿಗೆಗೆ ನೇರ ಬಿಸಿಲು ಮುಟ್ಟುವುದಿಲ್ಲ. ಹೊರಗಿನ ಬೆಳಕು ಬಾಗಿಲಿನಿಂದಲೋ ಕಂಬಗಳ ನಡುವಿನಿಂದಲೋ ಒಳಗೆ ಬಂದು, ಮೊದಲು ನೆಲಹಾಸಿನ ಮೇಲೆ ಬಿದ್ದು, ಅಲ್ಲಿಂದ ಪುಟಿದು ಮೇಲಕ್ಕೆ ಏರುತ್ತದೆ. ಆದ್ದರಿಂದ ಮಾಳಿಗೆಯ ಉಬ್ಬುಶಿಲ್ಪದಲ್ಲಿ ನೆರಳು ತೀರ ಮೆತ್ತಗೆ, ಅಂಚುಗಳಲ್ಲಿ ಮಾತ್ರ ಕೂರುತ್ತದೆ, ಮೂರ್ತಿ ಕಲ್ಲಿನಿಂದ ಅರ್ಧ ಬಿಡಿಸಿಕೊಂಡು ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ಸಂಗ್ರಹಾಲಯದಲ್ಲಿ ದೀಪ ಮೇಲಿನಿಂದ ಬೀಳುತ್ತದೆ. ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಗಲ್ಲದ ಕೆಳಗೆ ಗಟ್ಟಿಯಾದ ನೆರಳುಗಳು ಇಳಿಯುತ್ತವೆ, ಅದೇ ಮುಖ ಬೇರೆಯದೇ ಗಾಂಭೀರ್ಯ ತಾಳುತ್ತದೆ. ನಾನು ಪುಸ್ತಕ ತೆರೆದು, ಆ ಚಪ್ಪಡಿಯನ್ನು ಇದ್ದ ಬೆಳಕಿನಲ್ಲಿ ಒಮ್ಮೆ ಬರೆದುಕೊಂಡೆ. ಆಮೇಲೆ ಪಕ್ಕದ ಹಾಳೆಯಲ್ಲಿ ನೆರಳುಗಳನ್ನೆಲ್ಲ ತಿರುಗಿಸಿ, ಬೆಳಕು ನೆಲದಿಂದ ಏರಿ ಬಂದಂತೆ ಊಹಿಸಿಕೊಂಡು ಇನ್ನೊಮ್ಮೆ ಬರೆಯಲು ತೊಡಗಿದೆ. ಬೆಳಗ್ಗೆ ಹತ್ತೂವರೆಗೆ ಕೂತವಳು ಎದ್ದಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು.

ನನ್ನ ಜತೆ ಇನ್ನೊಬ್ಬರು ಇದ್ದಿದ್ದರೆ, ಅವರು ಎಷ್ಟೇ ಆತ್ಮೀಯರಾಗಿದ್ದರೂ, ಮೂರೂವರೆ ಗಂಟೆ ಒಂದೇ ಕಲ್ಲಿನ ಮುಂದೆ ಕೂರಲು ನನಗೆ ಮನಸ್ಸು ಬರುತ್ತಿರಲಿಲ್ಲ. ಅವರಿಗೆ ಹಸಿವಾಯಿತೇನೋ, ಕಾಲು ನೋಯುತ್ತಿದೆಯೇನೋ, ಬೇಸರವಾಗಿದೆಯೇನೋ ಎಂಬ ಕಾಳಜಿ ಕಣ್ಣನ್ನು ಕಲ್ಲಿನಿಂದ ಎಳೆದುಬಿಡುತ್ತಿತ್ತು. ಆ ಕಾಳಜಿ ಒಳ್ಳೆಯದೇ, ಸಂಸಾರ ನಡೆಯುವುದೇ ಅದರಿಂದ. ಆದರೆ ಜಾಗ ತಪ್ಪಿದ ಶಿಲ್ಪವನ್ನು ನೋಡುವಾಗ ನಮ್ಮ ಮೇಲೆ ಹೆಚ್ಚಿನ ಒಂದು ಕೆಲಸ ಬೀಳುತ್ತದೆ. ಅದು ಎಲ್ಲಿತ್ತು, ಯಾವ ಎತ್ತರದಲ್ಲಿತ್ತು, ಯಾವ ಬೆಳಕಿನಲ್ಲಿತ್ತು, ಜನ ಅದರ ಮುಂದೆ ನಿಲ್ಲುತ್ತಿದ್ದರೋ ಸುತ್ತುತ್ತಿದ್ದರೋ ಹೊರುತ್ತಿದ್ದರೋ ಎಂದು ಯೋಚಿಸಿ, ಅದನ್ನು ಮನಸ್ಸಿನಲ್ಲಿ ಅದರ ಜಾಗಕ್ಕೆ ಮರಳಿಸಬೇಕು. ಅದಕ್ಕೆ ಸಮಯ ಬೇಕು, ಮೌನ ಬೇಕು. ನಾನು ಒಬ್ಬಳೇ ಹೋದದ್ದು ಇದಕ್ಕಾಗಿ.

ಮುಂಬಯಿಯಲ್ಲಿ ಮೂರು ದಿನ ಇದ್ದೆ. ಎರಡನೆಯ ದಿನ ಸಂಗ್ರಹಾಲಯದ ಉಳಿದ ಕೋಣೆಗಳನ್ನು ನೋಡಿದೆ. ಸಿಂಧ್ ಪ್ರಾಂತದ ಮೀರ್‌ಪುರ್ ಖಾಸ್‌ನಿಂದ ಬಂದ ಸುಟ್ಟ ಮಣ್ಣಿನ ಬುದ್ಧ ಅಲ್ಲಿದ್ದಾನೆ, ತಪ್ಪಿಸಿಕೊಳ್ಳಬೇಡಿ. ಪಕ್ಕದಲ್ಲಿಯೇ ಜಹಾಂಗೀರ್ ಆರ್ಟ್ ಗ್ಯಾಲರಿ ಇದೆ, ರಸ್ತೆಯ ಆಚೆ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಹೊರಟು ಇದೇ ನಗರದಲ್ಲಿ ಕಲಿತು, ಇಲ್ಲಿಯೇ ನೆಲೆಸಿ ದೇಶದ ದೊಡ್ಡ ಚಿತ್ರಕಾರರಾದ ಕೆ.ಕೆ. ಹೆಬ್ಬಾರರು ಈ ರಸ್ತೆಗಳಲ್ಲಿ ಓಡಾಡಿದವರು ಎಂಬ ನೆನಪು ಕನ್ನಡಿಗರಿಗೆ ಅಲ್ಲಿ ಬಾರದೆ ಇರದು. ಮೂರನೆಯ ದಿನ ಬೈಕುಲಾದ ಭಾವು ದಾಜಿ ಲಾಡ್ ಸಂಗ್ರಹಾಲಯಕ್ಕೆ ಹೋದೆ. ಅದರ ಆವರಣದಲ್ಲಿ ಒಂದು ಕಲ್ಲಾನೆ ನಿಂತಿದೆ. ಎಲಿಫೆಂಟಾ ದ್ವೀಪಕ್ಕೆ ಆ ಹೆಸರು ಬಂದದ್ದು ಈ ಆನೆಯಿಂದ. ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಕೆಳಗೆ ಬಿದ್ದು ಒಡೆಯಿತು. ಚೂರುಗಳನ್ನು ಮತ್ತೆ ಕೂಡಿಸಿ ನಿಲ್ಲಿಸಿದ್ದಾರೆ. ಬೆಸುಗೆಯ ಗೆರೆಗಳನ್ನು ಹುಡುಕುತ್ತ ನಾನು ಅದರ ಸುತ್ತ ಎರಡು ಸಲ ಬಂದೆ. ಗುಡಿಯಿಂದ ಗೋಡೆಗೆ, ದ್ವೀಪದಿಂದ ನಗರಕ್ಕೆ ಕಲ್ಲು ಬರುವುದೆಂದರೆ ಸುಲಭದ ಮಾತಲ್ಲ, ದಾರಿಯಲ್ಲಿ ಏನೆಲ್ಲ ಒಡೆಯುತ್ತದೆ ಎಂದು ಆ ಆನೆ ಹೇಳುತ್ತಿರುವಂತಿತ್ತು.

ಮುಂಬಯಿಯಿಂದ ಹೌರಾಕ್ಕೆ ರೈಲಿನಲ್ಲಿ ಒಂದೂವರೆ ದಿನ. ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ 1814ರಲ್ಲಿ ಆರಂಭವಾದದ್ದು, ನಮ್ಮ ದೇಶದ ಅತ್ಯಂತ ಹಳೆಯ ವಸ್ತುಸಂಗ್ರಹಾಲಯ. ಅಲ್ಲಿಯ ಜನ ಅದನ್ನು ಕರೆಯುವುದು ಜಾದೂಘರ್ ಎಂದು. ಚೌರಂಗಿಯ ಆ ಬಿಳಿಯ ಕಂಬಗಳ ಕಟ್ಟಡದೊಳಗೆ ಶಾಲೆಯ ಮಕ್ಕಳು ಸಾಲುಗಟ್ಟಿ ಈಜಿಪ್ಟಿನ ಮಮ್ಮಿ ಇರುವ ಕೋಣೆಗೆ ಓಡುತ್ತಾರೆ. ಓಡಲಿ, ಆ ವಯಸ್ಸಿನಲ್ಲಿ ನಾನೂ ಅಲ್ಲಿಗೇ ಓಡುತ್ತಿದ್ದೆ. ನಾನು ಕೇಳಿಕೊಂಡು ಹೋದದ್ದು ಭರ್ಹುತ್ ಕೋಣೆಗೆ.

ಭರ್ಹುತ್ ಇರುವುದು ಇಂದಿನ ಮಧ್ಯಪ್ರದೇಶದ ಸತ್ನಾ ಜಿಲ್ಲೆಯಲ್ಲಿ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಹೊತ್ತಿಗೆ ಅಲ್ಲಿನ ಸ್ತೂಪದ ಸುತ್ತ ಕೆಂಪು ಮರಳುಗಲ್ಲಿನ ಒಂದು ಕಟಾಂಜನ ಎದ್ದಿತು. 1873ರಲ್ಲಿ ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಅಲ್ಲಿಗೆ ಹೋದಾಗ ಸ್ತೂಪದ ಬಹುಭಾಗ ಆಗಲೇ ಮಾಯವಾಗಿತ್ತು. ಸುತ್ತಲಿನ ಹಳ್ಳಿಯವರು ಮನೆ ಕಟ್ಟಲು ಅದರ ಇಟ್ಟಿಗೆ, ಕಲ್ಲುಗಳನ್ನು ಒಯ್ದಿದ್ದರು. ಉಳಿದ ಕಂಬಗಳನ್ನೂ ಅಡ್ಡಪಟ್ಟಿಗಳನ್ನೂ ಪೂರ್ವದ ತೋರಣವನ್ನೂ ಆತ ಕೋಲ್ಕತ್ತಕ್ಕೆ ಸಾಗಿಸಿದ. ಆತ ಮಾಡಿದ್ದು ಸರಿಯೇ ಎಂದು ನನ್ನನ್ನು ಕೇಳಿದರೆ, ಆ ಕೋಣೆಯಲ್ಲಿ ನಿಂತಾಗ ನನಗೆ ಕೃತಜ್ಞತೆಯೇ ಮೇಲಾಗಿತ್ತು ಎಂದು ಹೇಳಬೇಕು. ಐಹೊಳೆಯ ಚಪ್ಪಡಿಗಳ ಮುಂದೆ ನಿಂತಾಗ ಹಾಗೆ ಅನ್ನಿಸಿರಲಿಲ್ಲ, ಏಕೆಂದರೆ ಐಹೊಳೆಯ ಗುಡಿಗಳು ಇವತ್ತಿಗೂ ನಿಂತಿವೆ. ಎರಡಕ್ಕೂ ಒಂದೇ ನ್ಯಾಯ ಹೇಳಲು ನನ್ನಿಂದಾಗದು.

ಮುಂಬಯಿಯಲ್ಲಿ ಕಲಿತ ಪಾಠ ಇಲ್ಲಿ ಬೇರೆ ರೀತಿಯಲ್ಲಿ ಕೆಲಸಕ್ಕೆ ಬಂತು. ಕಟಾಂಜನ ಎಂದರೆ ಎದುರು ನಿಂತು ನೋಡುವ ವಸ್ತುವಲ್ಲ; ಪ್ರದಕ್ಷಿಣೆ ಹಾಕುವ ದಾರಿಗೆ ಅದು ಬೇಲಿ. ಒಂದು ಕಡೆ ಸ್ತೂಪ, ಇನ್ನೊಂದು ಕಡೆ ಆಳೆತ್ತರ ಮೀರಿದ ಕಂಬಗಳ ಸಾಲು, ನಡುವೆ ಬಲಗೈ ಸ್ತೂಪದ ಕಡೆಗಿರುವಂತೆ ನಡೆಯುವ ಜನ. ಹಾಗೆ ನಡೆಯುವವರ ಕಣ್ಣಿಗೆ ಕಂಬದಿಂದ ಕಂಬಕ್ಕೆ ಒಂದೊಂದು ಕಥೆ ಎದುರಾಗುತ್ತ ಹೋಗುತ್ತಿತ್ತು. ಇದು ನೆನಪಾದೊಡನೆ ನಾನು ಕಂಬಗಳ ಮುಂದೆ ನಿಲ್ಲುವುದನ್ನು ಬಿಟ್ಟು ಅವುಗಳ ಪಕ್ಕದಲ್ಲಿ ನಿಧಾನವಾಗಿ ನಡೆಯಲು ಶುರುಮಾಡಿದೆ. ನಾಲ್ಕೈದು ಸಲ ಆ ತುದಿಯಿಂದ ಈ ತುದಿಗೆ ನಡೆದಿರಬೇಕು. ಕಾವಲಿಗಿದ್ದ ಹಿರಿಯರೊಬ್ಬರು ಹತ್ತಿರ ಬಂದು, ಏನಾದರೂ ಕಳೆದುಕೊಂಡಿರಾ ಎಂದು ಹಿಂದಿಯಲ್ಲಿ ಕೇಳಿದರು. ಪ್ರದಕ್ಷಿಣೆ ಹಾಕುತ್ತಿದ್ದೇನೆ ಎಂದೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ನನ್ನ ಜತೆಗೇ ನಡೆದು, ಅಲ್ಲಿ ಒಂದು ಕಡೆ ನಿಂತು, ದುಂಡನೆಯ ಚೌಕಟ್ಟಿನೊಳಗೆ ಕೆತ್ತಿದ ಒಂದು ಪದಕದ ಕಡೆಗೆ ಕೈ ತೋರಿಸಿ, ಇದನ್ನು ಕೂತು ನೋಡಿ ಎಂದು ತಮ್ಮ ಕುರ್ಚಿಯನ್ನೇ ತಂದು ಹಾಕಿದರು.

ಅದು ಜೇತವನದ ದಾನದ ಚಿತ್ರ. ಶ್ರಾವಸ್ತಿಯ ವರ್ತಕ ಅನಾಥಪಿಂಡಿಕ ಬುದ್ಧನಿಗಾಗಿ ಒಂದು ತೋಪು ಕೊಳ್ಳಲು ಹೊರಟಾಗ, ಅದರ ಒಡೆಯ ಜೇತ ರಾಜಕುಮಾರ ನೆಲವೆಲ್ಲ ಮುಚ್ಚುವಷ್ಟು ನಾಣ್ಯ ಹರಡಿದರೆ ಮಾತ್ರ ಕೊಡುತ್ತೇನೆಂದ, ವರ್ತಕ ಹರಡಿಯೇಬಿಟ್ಟ. ಈ ಕಥೆ ನಿಮಗೆ ಗೊತ್ತಿರಬಹುದು. ಆದರೆ ಕೆತ್ತಿದವನು ಅದನ್ನು ಹೇಗೆ ಕಂಡಿದ್ದಾನೆಂದು ನೋಡಿ. ನಾಣ್ಯ ತಂದ ಬಂಡಿ ನಿಂತಿದೆ, ಮೂಕಿ ಮೇಲಕ್ಕೆದ್ದಿದೆ, ನೊಗ ಬಿಚ್ಚಿದ ಎತ್ತುಗಳು ಪಕ್ಕದಲ್ಲಿ ಮಲಗಿವೆ. ನಮ್ಮ ಸಂತೆಯಲ್ಲಿ ಬಂಡಿ ಬಿಟ್ಟ ಮೇಲೆ ಎತ್ತುಗಳು ಹೇಗೆ ಕಾಲು ಮಡಚಿ ಕೂರುತ್ತವೆಯೋ ಹಾಗೆಯೇ. ಇಬ್ಬರು ನೆಲದ ಮೇಲೆ ಕೂತು ನಾಣ್ಯ ಜೋಡಿಸುತ್ತಿದ್ದಾರೆ. ನಾಣ್ಯಗಳು ದುಂಡಗಿಲ್ಲ, ಚೌಕವಾಗಿವೆ, ಆ ಕಾಲದಲ್ಲಿ ಓಡುತ್ತಿದ್ದ ಮುದ್ರೆಯೊತ್ತಿದ ನಾಣ್ಯಗಳಂತೆ. ಒಂದರ ಅಂಚಿಗೆ ಇನ್ನೊಂದರ ಅಂಚು ತಾಗುವಂತೆ, ಫರಸಿ ಹಾಸುವವರ ಕೈಯ ಲೆಕ್ಕದಲ್ಲಿ ಅವರು ಅವನ್ನು ಇಡುತ್ತಿದ್ದಾರೆ. ನಡುವೆ ಅನಾಥಪಿಂಡಿಕ ನಿಂತಿದ್ದಾನೆ, ಕೈಯಲ್ಲಿ ಕೊಕ್ಕಿನ ಗಿಂಡಿ. ಬುದ್ಧನನ್ನು ಮನುಷ್ಯರೂಪದಲ್ಲಿ ಕೆತ್ತುವ ವಾಡಿಕೆ ಆಗ ಇನ್ನೂ ಬಂದಿರಲಿಲ್ಲವಾದ್ದರಿಂದ ಬುದ್ಧ ಅಲ್ಲಿ ಕಾಣುವುದಿಲ್ಲ. ಮರ ಇದೆ, ಕುಟಿಗಳಿವೆ, ಗಿಂಡಿಯ ನೀರು ಇದೆ.

ಆ ಗಿಂಡಿಯನ್ನು ನೋಡುತ್ತಿದ್ದಂತೆ ನನ್ನ ಕಣ್ಣು ತುಂಬಿ ಬಂತು. ದಾನ ಪೂರ್ತಿಯಾಗಬೇಕಾದರೆ ನೀರು ಎರೆಯಬೇಕು. ನಮ್ಮ ಶಾಸನಗಳಲ್ಲಿ ಊರು, ಹೊಲ, ತೋಟ ಕೊಟ್ಟ ಪ್ರಸಂಗ ಬಂದಾಗ ಕಾಲು ತೊಳೆದು ‘ಧಾರಾಪೂರ್ವಕಂ’ ಕೊಟ್ಟರೆಂದು ಬರೆದಿರುತ್ತಾರೆ. ನಮ್ಮ ಮದುವೆಗಳಲ್ಲಿ ಇವತ್ತಿಗೂ ಧಾರೆ ಎರೆಯುತ್ತೇವೆ. ಮಗಳ ಮದುವೆಯಲ್ಲಿ ನಾನೂ ನನ್ನ ಯಜಮಾನರೂ ತೆಂಗಿನಕಾಯಿಯ ಮೇಲೆ ಎರೆದ ಆ ನೀರಿನ ಎಳೆಯೇ ಎರಡು ಸಾವಿರ ವರ್ಷಗಳ ಹಿಂದಿನ ಈ ಕೆಂಪು ಕಲ್ಲಿನಲ್ಲಿಯೂ ಇಳಿಯುತ್ತಿತ್ತು. ಅದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಅಲ್ಲಿನ ಕಲ್ಲುಗಳ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಪುಟ್ಟ ಪುಟ್ಟ ಬರಹಗಳಿವೆ. ಕೆಲವು ಕಥೆಯ ಹೆಸರನ್ನು ಹೇಳುತ್ತವೆ, ಉಳಿದವು ಕೊಟ್ಟವರ ಹೆಸರನ್ನು. ವಿದಿಶೆಯ ಚಾಪಾದೇವಿ, ರೇವತಿಮಿತ್ರನ ಹೆಂಡತಿ, ಮೊದಲನೆಯ ಕಂಬದ ದಾನ ಮಾಡಿದಳು ಎಂದು ಒಂದು ಬರಹ. ಆಕೆ ರಾಣಿಯೆಂದು ಎಲ್ಲಿಯೂ ಇಲ್ಲ. ಊರಿನ ಹೆಸರು, ತನ್ನ ಹೆಸರು, ಗಂಡನ ಹೆಸರು, ಕೊಟ್ಟದ್ದೇನು, ಅಷ್ಟೇ. ಆಕೆ ವಿದಿಶೆಯಿಂದ ಭರ್ಹುತ್‌ಗೆ ಬಂದು ತಾನು ಕೊಟ್ಟ ಕಂಬವನ್ನು ಮುಟ್ಟಿ ನೋಡಿದ್ದಳೇ? ಯಾರ ಜತೆ ಬಂದಳು? ಕಲ್ಲಿನಲ್ಲಿ ಉತ್ತರವಿಲ್ಲ. ಆದರೂ ದೂರದ ಊರಿನಿಂದ ಬಂದ ಹೆಂಗಸಾದ ನನಗೆ ಆ ಕೋಣೆಯಲ್ಲಿ ಜತೆ ಸಿಕ್ಕಂತಾಯಿತು.

ಮಾತು ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳಿಬಿಡುತ್ತೇನೆ. ಇಂಡಿಯನ್ ಮ್ಯೂಸಿಯಮ್ಮಿನ ಪಕ್ಕದಲ್ಲಿಯೇ ಸರ್ಕಾರಿ ಕಲಾಶಾಲೆ ಇದೆ. ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲಿಯಲು ಹೋದದ್ದು ಈ ಶಾಲೆಗೆ, ಅವರ ಗುರುಗಳು ಅವನೀಂದ್ರನಾಥ ಟಾಗೋರರು. ಬೆಂಗಳೂರಿನಲ್ಲಿ ವೆಂಕಟಪ್ಪನವರ ಊಟಿಯ ನಿಸರ್ಗಚಿತ್ರಗಳನ್ನು ನೋಡಿದವರಿಗೆ ಅವರು ಒಂದು ವಸ್ತುವನ್ನು ಎಷ್ಟು ತಾಳ್ಮೆಯಿಂದ ನೋಡುತ್ತಿದ್ದರೆಂದು ಗೊತ್ತು. ಮಂಜು ಏರುವುದನ್ನೂ ಇಳಿಯುವುದನ್ನೂ ಅವರು ಗಂಟೆಗಟ್ಟಲೆ ಕಾದು ಬಣ್ಣಕ್ಕೆ ತಂದವರಂತೆ ಆ ಚಿತ್ರಗಳಿವೆ. ಒಂದು ಗೋಡೆಯ ಆಚೆಗಿದ್ದ ಈ ಕೋಣೆಗಳಿಗೆ ತರುಣ ವೆಂಕಟಪ್ಪ ಬಾರದೆ ಇದ್ದಾರೆಯೇ ಎಂದು ಯೋಚಿಸುತ್ತ ನಾನು ಆ ಶಾಲೆಯ ಗೇಟಿನ ಮುಂದೆ ಒಂದಿಷ್ಟು ಹೊತ್ತು ನಿಂತಿದ್ದೆ.

ಚೆನ್ನೈಗೆ ಹೋಗುವವರು ಒಂದು ವಿಷಯ ನೆನಪಿಡಬೇಕು. ಎಗ್ಮೋರ್‌ನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಕೋಲ್ಕತ್ತದ್ದಕ್ಕೆ ಸೋಮವಾರ. ಮೂರು ನಗರಗಳ ಯೋಜನೆ ಹಾಕುವಾಗ ರೈಲಿಗಿಂತ ಮೊದಲು ಈ ವಾರಗಳನ್ನು ಗುರುತು ಹಾಕಿಕೊಳ್ಳಿ. 1851ರಲ್ಲಿ ಶುರುವಾದ ಈ ಸಂಗ್ರಹಾಲಯದಲ್ಲಿ ಕಂಚಿನ ಮೂರ್ತಿಗಳಿಗೇ ಬೇರೆ ಕಟ್ಟಡವಿದೆ. ತಿರುವಾಲಂಗಾಡಿನ ನಟರಾಜ ಅಲ್ಲಿದ್ದಾನೆ. ಫ್ರಾನ್ಸಿನ ಶಿಲ್ಪಿ ರೋಡಾನ್ ಫೋಟೋಗಳನ್ನಷ್ಟೇ ನೋಡಿ ಮನಸೋತು ಪ್ರಬಂಧ ಬರೆದದ್ದು ಈ ಸಂಗ್ರಹಾಲಯದ ನಟರಾಜನ ಬಗ್ಗೆ. ನಾನು ಮಾತ್ರ ಹೆಚ್ಚು ಹೊತ್ತು ಇದ್ದದ್ದು ತಿರುವೆಂಕಾಡಿನ ಅರ್ಧನಾರೀಶ್ವರನ ಬಳಿ. ಬಲಗಡೆ ಶಿವನಿಗೆ ಎರಡು ಕೈ, ಎಡಗಡೆ ಪಾರ್ವತಿಗೆ ಒಂದೇ ಕೈ; ಹೀಗೆ ಮೂರು ಕೈಗಳ ಮೂರ್ತಿ, ಆದರೂ ತೂಕ ಒಂದು ಕೂದಲೆಳೆಯಷ್ಟೂ ಅತ್ತಿತ್ತ ಹೋಗಿಲ್ಲ. ಇಡೀ ಮೈ ಬಲಕ್ಕೆ ವಾಲಿ, ಯಾವುದರ ಮೇಲೋ ಕೈಯೂರಿ ನಿಂತ ಭಂಗಿ. ಕೈಯೂರಲು ನಂದಿ ಪಕ್ಕದಲ್ಲಿರಬೇಕಿತ್ತು, ಇಲ್ಲ. ಆ ಖಾಲಿ ಜಾಗದಲ್ಲಿ ನಂದಿಯ ಬೆನ್ನಿನ ಎತ್ತರ ಎಷ್ಟಿತ್ತೆಂದು ಮೂರ್ತಿಯ ಕೈಯೇ ಹೇಳುತ್ತದೆ.

ಈ ಕಂಚುಗಳನ್ನು ಎರಕ ಹೊಯ್ದ ಬಗೆ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಮೊದಲು ಜೇನುಮೇಣದಲ್ಲಿ ಮೂರ್ತಿ ಮಾಡಿ, ಅದರ ಮೇಲೆ ನಯವಾದ ಮಣ್ಣಿನಿಂದ ಹಿಡಿದು ಒರಟು ಮಣ್ಣಿನವರೆಗೆ ಪದರ ಪದರವಾಗಿ ಮೆತ್ತಿ, ಕಾಯಿಸಿ ಮೇಣವನ್ನು ಹರಿಸಿಬಿಟ್ಟು, ಆ ಪೊಳ್ಳಿನೊಳಗೆ ಕರಗಿದ ಲೋಹ ಹೊಯ್ಯುತ್ತಾರೆ. ಅಚ್ಚು ಒಡೆದರೆ ಮಾತ್ರ ಮೂರ್ತಿ ಹೊರಗೆ ಬರುವುದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ. ನನಗೆ ಇಲ್ಲಿ ಹೇಳಬೇಕೆನಿಸುವುದು ಇನ್ನೊಂದು. ಗಾಜಿನೊಳಗಿನ ಈ ಮೂರ್ತಿಗಳ ಪೀಠವನ್ನು ಬಗ್ಗಿ ನೋಡಿ. ಅಲ್ಲಿ ಬಳೆಗಳೋ ತೂತುಗಳೋ ಇರುತ್ತವೆ. ಅವುಗಳ ಮೂಲಕ ಮರದ ದಂಡಿಗೆ ತೂರಿಸಿ, ಮೂರ್ತಿಯನ್ನು ಕಟ್ಟಿ, ಹೆಗಲ ಮೇಲೆ ಹೊತ್ತು ಬೀದಿಗೆ ತರುತ್ತಿದ್ದರು. ಇವು ಉತ್ಸವಮೂರ್ತಿಗಳು. ಬೀದಿಯಲ್ಲಿ ಇವು ಕಾಣುತ್ತಿದ್ದದ್ದು ರೇಷ್ಮೆ ಸುತ್ತಿಕೊಂಡು, ಹೂವಿನ ಹಾರಗಳೊಳಗೆ ಮುಳುಗಿ, ಹೊರುವವರ ಹೆಜ್ಜೆಗೆ ತಕ್ಕಂತೆ ಓಲಾಡುತ್ತ, ಪಂಜಿನ ಬೆಳಕಿನಲ್ಲಿ. ಸೊಂಟದ ತಿರುವು, ಬೆನ್ನಿನ ಇಳಿಜಾರು, ಬೆರಳ ತುದಿಯ ನವಿರು, ನಾವು ಇವತ್ತು ಬೆರಗಿನಿಂದ ನೋಡುವ ಇವನ್ನೆಲ್ಲ ಉತ್ಸವಕ್ಕೆ ಬಂದ ಜನ ಕಂಡೇ ಇರಲಿಲ್ಲ. ಅಭಿಷೇಕ ಮಾಡುವ ಅರ್ಚಕರ ಕಣ್ಣಿಗೂ ಕೈಗೂ ಮಾತ್ರ ಅವು ಗೊತ್ತಿದ್ದವು. ಸಂಗ್ರಹಾಲಯ ಕಿತ್ತುಕೊಂಡದ್ದೂ ಇದೆ, ಕೊಟ್ಟದ್ದೂ ಇದೆ ಎಂದು ಮೊದಲ ಸಲ ನನಗೆ ತೋರಿದ್ದು ಅಲ್ಲಿ. ನಾನು ಕಣ್ಣು ಮುಚ್ಚಿ, ಆ ಅರ್ಧನಾರೀಶ್ವರನಿಗೆ ಮೊದಲು ಸೀರೆ ಉಡಿಸಿ, ಹಾರ ಹಾಕಿ, ಹೆಗಲಿಗೇರಿಸಿ ಬೀದಿಗೆ ಕಳಿಸಿದೆ. ಆಮೇಲೆ ಕಣ್ಣು ತೆರೆದು ಇದ್ದಂತೆ ನೋಡಿದೆ. ಎರಡನ್ನೂ ನೋಡಬೇಕು.

ಅದೇ ಆವರಣದಲ್ಲಿ ಆಂಧ್ರದ ಅಮರಾವತಿ ಸ್ತೂಪದ ಸುಣ್ಣಕಲ್ಲಿನ ಶಿಲ್ಪಗಳಿವೆ. 1845ರಲ್ಲಿ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಅಗೆಸಿ ಮದ್ರಾಸಿಗೆ ತಂದ ಕಲ್ಲುಗಳಲ್ಲಿ ಬಹಳಷ್ಟು ಮುಂದೆ ಲಂಡನ್ನಿಗೆ ಹೋದವು. ನೂರಕ್ಕೂ ಹೆಚ್ಚು ಕಲ್ಲುಗಳು ಇವತ್ತು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಒಂದೇ ಸ್ತೂಪದ ಮೈ ಎರಡು ಖಂಡಗಳಲ್ಲಿ ಹಂಚಿಹೋಗಿದೆ. ಚೆನ್ನೈಯಲ್ಲಿ ಉಳಿದವುಗಳಲ್ಲಿ ನಳಗಿರಿ ಆನೆಯ ಪದಕವನ್ನು ಹುಡುಕಿಕೊಂಡು ನೋಡಿ. ಮದವೇರಿದ ಆನೆ ಬೀದಿಯಲ್ಲಿ ಜನರನ್ನು ತುಳಿಯುತ್ತ ಬರುತ್ತಿದೆ. ಅದೇ ಆನೆ, ಅದೇ ದುಂಡಿನೊಳಗೆ, ಬುದ್ಧನ ಪಾದದ ಮುಂದೆ ಮಂಡಿಯೂರಿದೆ. ಮೇಲೆ ಉಪ್ಪರಿಗೆಯ ಕಿಟಕಿಗಳಿಂದ ಹೆಂಗಸರು ಬಗ್ಗಿ ನೋಡುತ್ತಿದ್ದಾರೆ. ಅರ್ಧ ಬೀದಿಯಲ್ಲಿ ಭಯ, ಅರ್ಧ ಬೀದಿಯಲ್ಲಿ ಶಾಂತಿ. ನಡುವೆ ಗೆರೆ ಎಳೆದಿಲ್ಲ.

ನಮ್ಮ ಕಲಬುರಗಿ ಜಿಲ್ಲೆಯ ಭೀಮಾ ತೀರದ ಕನಗನಹಳ್ಳಿಯನ್ನು ಕಂಡವರಿಗೆ ಆ ಕಲ್ಲು ಅಪರಿಚಿತವಲ್ಲ. 1990ರ ದಶಕದ ಉತ್ಖನನದಲ್ಲಿ ಅಲ್ಲಿ ಹೊರಬಂದ ಮಹಾಸ್ತೂಪದ ಚಪ್ಪಡಿಗಳು ಅಮರಾವತಿಯ ಸಂಬಂಧಿಗಳಂತೆಯೇ ಇವೆ. ‘ರಾಯ ಅಸೋಕೋ’ ಎಂಬ ಬರಹದೊಡನೆ ಅಶೋಕ ತನ್ನ ರಾಣಿಯ ಜತೆ ನಿಂತ ಚಪ್ಪಡಿ ಸಿಕ್ಕಿದ್ದು ಅಲ್ಲಿಯೇ. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಬರುವ ಸೀಮೆ ಅದು. ಅಮರಾವತಿಯ ಕಲ್ಲುಗಳು ಚೆನ್ನೈಗೂ ಲಂಡನ್ನಿಗೂ ಹೋದವು. ಕನಗನಹಳ್ಳಿಯವು ಭೀಮೆಯ ದಡದಲ್ಲಿಯೇ ಇವೆ. ನಾವು ಲಂಡನ್ನಿಗೆ ಹೋಗುವ ಕನಸು ಕಾಣುವ ಮೊದಲು ಕಲಬುರಗಿಯ ಬಸ್ಸು ಹತ್ತಬೇಕೆಂದು ನಾನು ನಿಜವಾದ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ದೆಹಲಿಯ ವಿಷಯವೇನು ಎಂದು ನಿಮ್ಮಲ್ಲಿ ಯಾರೋ ಚೀಟಿಯಲ್ಲಿ ಬರೆದು ಕಳಿಸಿದ್ದಾರೆ. ಈ ಪ್ರವಾಸದಲ್ಲಿ ದೆಹಲಿ ಸೇರಿರಲಿಲ್ಲ, ಹಿಂದೊಮ್ಮೆ ಹೋಗಿದ್ದೆ. ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿಯೂ ಐಹೊಳೆಯ ಹಾರುವ ಗಂಧರ್ವರಿದ್ದಾರೆ. ಮೊಹೆಂಜೊದಾರೊವಿನ ಕಂಚಿನ ಹುಡುಗಿಯೂ ಅಲ್ಲಿದ್ದಾಳೆ. ಪುಸ್ತಕಗಳಲ್ಲಿ ಇಡೀ ಪುಟ ತುಂಬುವ ಆಕೆಯ ಎತ್ತರ ಕೇವಲ 10.5 ಸೆಂಟಿಮೀಟರು, ಬೆರಳುಗಳನ್ನು ಬಿಟ್ಟು ನನ್ನ ಅಂಗೈಯ ಉದ್ದ. ವಸ್ತುವಿನ ನಿಜವಾದ ಅಳತೆಯನ್ನು ಚಿತ್ರ ಹೇಳುವುದಿಲ್ಲ, ಎದುರಿಗೇ ಹೋಗಿ ನಿಲ್ಲಬೇಕು.

ಒಬ್ಬರೇ ಹೋಗುವ ಹೆಂಗಸರಿಗೆ ನನ್ನ ಅನುಭವದ ಮಾತು ಹೇಳುತ್ತೇನೆ. ವಸ್ತುಸಂಗ್ರಹಾಲಯದಷ್ಟು ನಿಶ್ಚಿಂತೆಯಿಂದ ಒಬ್ಬಳೇ ಕೂರಬಹುದಾದ ಜಾಗ ದೊಡ್ಡ ನಗರಗಳಲ್ಲಿ ಕಡಿಮೆ. ಬೆಳಗ್ಗೆ ಬಾಗಿಲು ತೆರೆಯುವಾಗಲೇ ಹೋಗಿ. ಮೊದಲ ಸುತ್ತು ಎಲ್ಲಿಯೂ ನಿಲ್ಲದೆ ನಡೆದು, ಕಾಲು ತಾನಾಗಿ ತಡೆದು ನಿಂತ ಎರಡೋ ಮೂರೋ ವಸ್ತುಗಳನ್ನು ಗುರುತಿಟ್ಟುಕೊಂಡು, ಉಳಿದ ದಿನವನ್ನು ಅವುಗಳಿಗೇ ಕೊಡಿ. ಪಕ್ಕದ ಬರಹವನ್ನು ಆಮೇಲೆ ಓದಿ. ಹೆಸರು ಬೇಡ, ಒಂದು ಸಂಗ್ರಹಾಲಯದಲ್ಲಿ ಅಕ್ಕಪಕ್ಕದ ಎರಡು ಮೂರ್ತಿಗಳ ಫಲಕಗಳು ಅದಲು ಬದಲಾಗಿದ್ದವು. ಮೊದಲು ಫಲಕ ಓದಿದ ನಾನು ಎಷ್ಟೋ ಹೊತ್ತು ಇಲ್ಲದ ಲಕ್ಷಣಗಳನ್ನು ಆ ಮೂರ್ತಿಯಲ್ಲಿ ಹುಡುಕಿದೆ. ನನ್ನ ಕಣ್ಣು ಹೇಳುತ್ತಿದ್ದದ್ದನ್ನು ನಾನೇ ನಂಬಲಿಲ್ಲ. ಆ ನೋವು ಇವತ್ತಿಗೂ ಇದೆ. ಫೋಟೋ ಕೊನೆಗೆ ತೆಗೆಯಿರಿ. ಪೆನ್ಸಿಲ್ಲು, ಒಂದು ಪುಸ್ತಕ ಇರಲಿ. ಚಿತ್ರ ಬರೆಯಲು ಬಾರದವರೂ ಬರೆಯಿರಿ, ಏಕೆಂದರೆ ಕಿವಿಯ ಓಲೆ ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಗುತ್ತದೆಂದು ಕೈ ಕೇಳುವವರೆಗೆ ಕಣ್ಣು ಅದನ್ನು ನೋಡಿರುವುದೇ ಇಲ್ಲ. ಸಂಜೆಯ ಹೊತ್ತು ಮಾತಾಡಲು ಯಾರೂ ಇಲ್ಲವೆಂಬ ಕೊರತೆ ಕಾಡುತ್ತದೆ, ಅದು ನಿಜ. ಕೋಲ್ಕತ್ತದ ಕೋಣೆಯಲ್ಲಿ ಕೂತು ನಾನು ಮಗಳಿಗೆ ಅನಾಥಪಿಂಡಿಕನ ಗಿಂಡಿಯ ಬಗ್ಗೆ ನಾಲ್ಕು ಪುಟದ ಪತ್ರ ಬರೆದೆ. ಜತೆಗೆ ಯಾರಾದರೂ ಇದ್ದಿದ್ದರೆ ಎರಡು ಮಾತಿನಲ್ಲಿ ಹೇಳಿ ಮುಗಿಸಿಬಿಡುತ್ತಿದ್ದೆ.

ಊರಿಗೆ ಮರಳಿದ ಮೇಲೆ ಒಂದು ವಾರ ಮನೆಯಲ್ಲಿದ್ದು, ಮುಂಬಯಿಯಲ್ಲಿ ಬರೆದ ಬ್ರಹ್ಮನ ಎರಡು ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಬಾದಾಮಿಗೆ ಹೋದೆ. ಅಲ್ಲಿಯ ಮೊದಲನೆಯ ಗುಹೆಯ ಮಾಳಿಗೆಯಲ್ಲಿ ಸುರುಳಿ ಸುತ್ತಿಕೊಂಡ ನಾಗರಾಜನಿದ್ದಾನೆ, ಕೆತ್ತಿದ ಜಾಗದಲ್ಲಿಯೇ, ಅಂದಿನ ಬೆಳಕಿನಲ್ಲಿಯೇ. ಎಷ್ಟೋ ವರ್ಷ ಮಕ್ಕಳೊಂದಿಗೆ ಅವನ ಕೆಳಗೆ ಹಾದುಹೋಗಿದ್ದೇನೆ. ಆ ದಿನ ಬೆಳಗ್ಗೆ ಗುಹೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ನೆಲದ ಮೇಲೆ ಟವೆಲ್ಲು ಹಾಸಿ ಮಲಗಿ ಮೇಲಕ್ಕೆ ನೋಡಿದೆ. ಹೊರಗಿನ ಬೆಳಕು ಕೆಂಪು ನೆಲಕ್ಕೆ ಬಿದ್ದು, ಅದರ ಬಣ್ಣವನ್ನೇ ಹೊತ್ತುಕೊಂಡು ಮೇಲಕ್ಕೆ ಏರಿ, ನಾಗನ ಸುರುಳಿಗಳ ಹೊಟ್ಟೆಯನ್ನು ತೋಯಿಸುತ್ತಿತ್ತು. ನೆರಳುಗಳೂ ತುಸು ಕೆಂಪಗಿದ್ದವು. ಮುಂಬಯಿಯಲ್ಲಿ ಊಹಿಸಿ ಬರೆದ ಹಾಳೆಯನ್ನು ಚೀಲದಿಂದ ತೆಗೆದು, ತೋಳು ಚಾಚಿ ಮುಖದ ಮೇಲೆ ಎತ್ತಿ ಹಿಡಿದೆ. ನಾನು ನೆರಳಿಗೆ ಹಾಕಿದ್ದು ಕಪ್ಪು. ಎದ್ದು ಕೂತು, ಬಣ್ಣದ ಡಬ್ಬಿಯಿಂದ ಕಾವಿ ಸೀಸವನ್ನು ತೆಗೆದು, ಬ್ರಹ್ಮನ ಗಲ್ಲದಿಂದ ತಿದ್ದಲು ಶುರುಮಾಡಿದೆ.